ದಿನಕ್ಕೆ ನಲವತ್ತು ನಿಮಿಷ, ಒಂದು ಕಾದಂಬರಿ

ನನ್ನ ಮೊದಲ ಕಾದಂಬರಿ ತೊಂಬತ್ತನೆಯ ಪುಟದಲ್ಲಿ ನಿಂತುಹೋಯಿತು. ಮಾರ್ಚಿನಲ್ಲಿ ಪರೀಕ್ಷೆಯ ಕೆಲಸ, ಅದರ ಬೆನ್ನಿಗೇ ಮನೆಯಲ್ಲೊಂದು ಮದುವೆ. ಏಳು ವಾರ ನೋಟ್‌ಬುಕ್ ಮುಟ್ಟಲಾಗಲಿಲ್ಲ. ಮೇ ತಿಂಗಳಲ್ಲಿ ತೆರೆದು ನೋಡಿದಾಗ, ನಲವತ್ತನೆಯ ಪುಟದಲ್ಲಿ ಅಣ್ಣನ ಮೇಲೆ ಮುನಿದು ಮನೆ ಬಿಟ್ಟುಹೋದ ತಮ್ಮ ಯಾವ ಕಾರಣಕ್ಕೆ ಹೋಗಿದ್ದ ಎಂಬುದೇ ನೆನಪಾಗಲಿಲ್ಲ. ಬರೆಯುವಾಗ ಆ ಕಾರಣ ತಲೆಯಲ್ಲಿ ನಿಚ್ಚಳವಾಗಿತ್ತು, ಮುಂದೆಲ್ಲೋ ಹೇಳಿದರಾಯಿತೆಂದು ಬಿಟ್ಟಿದ್ದೆ. ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ. ಆ ತಮ್ಮ ಮತ್ತೆ ಮನೆಗೆ ಬರಲೇ ಇಲ್ಲ.

ನೌಕರಿ, ಮನೆ, ಮಕ್ಕಳು, ಹೊಲ ನೋಡಿಕೊಂಡು ಬರೆಯುವವರ ಕಾದಂಬರಿಗಳು ಹೆಚ್ಚಾಗಿ ಸಾಯುವುದು ಹೀಗೆಯೇ. ಸಮಯ ಸಾಲದೆ ಸತ್ತವು ಎಂದುಕೊಳ್ಳುತ್ತೇವೆ. ನಾನು ಕಂಡಂತೆ ಅವುಗಳನ್ನು ಕೊಲ್ಲುವುದು ಒಂದು ಸಲ ಕುಳಿತದ್ದಕ್ಕೂ ಮತ್ತೊಂದು ಸಲ ಕೂರುವುದಕ್ಕೂ ನಡುವೆ ಬೀಳುವ ಅಂತರ. ಬರವಣಿಗೆಯೇ ವೃತ್ತಿಯಾದವರು ಕತೆಯೊಳಗೇ ಮಲಗಿ ಕತೆಯೊಳಗೇ ಏಳುತ್ತಾರೆ. ನಾವು ಪ್ರತಿ ಸಲವೂ ಹೊರಗಿನಿಂದ ಬಂದು ಬಾಗಿಲು ತಟ್ಟಬೇಕು. ಸಿಕ್ಕ ನಲವತ್ತು ನಿಮಿಷದಲ್ಲಿ ಮೂವತ್ತು ನಿಮಿಷ ಬಾಗಿಲು ಹುಡುಕುವುದರಲ್ಲೇ ಹೋದರೆ ಬರೆಯುವುದು ಯಾವಾಗ? ಹಾಗಾಗಿ ನಮಗೆ ಯೋಜನೆ ಬೇಕು. ಕತೆಯನ್ನು ನಮಗಾಗಿ ನೆನಪಿಟ್ಟುಕೊಳ್ಳುವ, ಬರೆಯದ ದಿನಗಳಲ್ಲೂ ಅದನ್ನು ಬೆಚ್ಚಗೆ ಇಡುವ ಒಂದು ಕಟ್ಟು ಬೇಕು.

ದುಡಿಮೆಯ ನಡುವೆ ಕಾದಂಬರಿ ಬರೆಯುವುದು ಆಗದ ಕೆಲಸವೇನಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿಕೊಂಡ ‘ಇಂದಿರಾಬಾಯಿ’ಯನ್ನು 1899ರಲ್ಲಿ ಪ್ರಕಟಿಸಿದ ಗುಲ್ವಾಡಿ ವೆಂಕಟರಾಯರು ಪೊಲೀಸ್ ಇಲಾಖೆಯವರು. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ವಿಜ್ಞಾನದ ಉದ್ಯೋಗದಲ್ಲಿದ್ದುಕೊಂಡೇ ‘ಶಿಕಾರಿ’ ಬರೆದರು, ಆ ಕಾದಂಬರಿಯ ಭಯವೆಲ್ಲ ಹುಟ್ಟುವುದೂ ಅಂಥದೇ ಕಂಪನಿಯೊಂದರ ಕೋಣೆಗಳಲ್ಲಿ. ಶರಾವತಿ ಕಣಿವೆಯ ಮುಳುಗಡೆಯನ್ನು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಬರೆದ ನಾ. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ 1963ರಲ್ಲಿ ಬಂದಾಗ ಅವರಿಗೆ ನಲವತ್ತೈದು ದಾಟಿತ್ತು, ಅದೂ ಮನೆಗೆಲಸದ ನಡುವೆ. ಇವರಲ್ಲಿ ಕೆಲವರಿಗಾದರೂ ಬಿಡುವು ಕಸಿದುಕೊಂಡ ಕೆಲಸವೇ ಕತೆಯನ್ನೂ ಕೊಟ್ಟಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಶುರು ಮಾಡೋಣ.

ಹಂತ 1: ವಾರದ ಲೆಕ್ಕ, ಪುಟದ ಲೆಕ್ಕ

ಒಂದು ವಾರ ಏನೂ ಬರೆಯಬೇಡಿ. ದಿನ ಹೇಗೆ ಕಳೆಯುತ್ತದೆ ಎಂದು ಮಾತ್ರ ಗುರುತು ಹಾಕಿಕೊಳ್ಳಿ. ಬಸ್ಸಿನಲ್ಲಿ ಎಷ್ಟು ಹೊತ್ತು, ಊಟದ ಬಿಡುವು ಎಷ್ಟು, ಮಕ್ಕಳು ಮಲಗಿದ ಮೇಲೆ ಎಚ್ಚರವಿರುವುದು ಎಷ್ಟು, ಅದರಲ್ಲಿ ತಲೆ ಓಡುವುದು ಎಷ್ಟು. ಈ ಕೊನೆಯದು ಮುಖ್ಯ. ರಾತ್ರಿ ಹತ್ತೂವರೆಗೆ ಒಂದು ಗಂಟೆ ಸಿಗಬಹುದು, ಆದರೆ ಬೆಳಗಿನ ಐದೂವರೆಯ ಅರ್ಧ ಗಂಟೆಯ ಕಸುವು ಅದಕ್ಕಿರುವುದಿಲ್ಲ. ಯೋಚಿಸುವ ಕೆಲಸಕ್ಕೆ ಒಂದು ಹೊತ್ತು, ಬರೆಯುವ ಕೆಲಸಕ್ಕೆ ಇನ್ನೊಂದು ಹೊತ್ತು ಎಂದು ಬೇರೆ ಮಾಡಿಕೊಳ್ಳಿ. ಬಸ್ಸಿನಲ್ಲಿ ನಿಂತುಕೊಂಡು ಬರೆಯಲಾಗದಿದ್ದರೂ ಯೋಚಿಸಬಹುದು.

ಈಗ ಪುಟದ ಲೆಕ್ಕ. ಡೆಮಿ ಆಕಾರದ ಕನ್ನಡ ಪುಸ್ತಕದ ಒಂದು ಪುಟಕ್ಕೆ ಸುಮಾರು 200 ಪದ ಹಿಡಿಯುತ್ತದೆ. 40,000 ಪದ ಬರೆದರೆ 200 ಪುಟದ ಕಾದಂಬರಿ. ಇಂಗ್ಲಿಷಿನ ಮಾರ್ಗದರ್ಶಿಗಳು ಹೇಳುವ ಎಂಬತ್ತು ಸಾವಿರ, ಲಕ್ಷ ಪದಗಳ ಅಂಕಿ ನೋಡಿ ಹೆದರಬೇಕಿಲ್ಲ. ನಮ್ಮಲ್ಲಿ ವಿಭಕ್ತಿ, ಸಂಧಿ, ಸಮಾಸ ಎಲ್ಲ ಸೇರಿ ಒಂದೇ ಪದ ಅಲ್ಲಿನ ಎರಡು ಮೂರು ಪದಗಳ ಭಾರ ಹೊರುತ್ತದೆ. ವಾರಕ್ಕೆ ನಾಲ್ಕು ದಿನ, ದಿನಕ್ಕೆ 250 ಪದ ಎಂದರೆ ನಲವತ್ತು ವಾರದಲ್ಲಿ ಮೊದಲ ಕರಡು ಮುಗಿಯುತ್ತದೆ. ವರ್ಷದಲ್ಲಿ ಉಳಿದ ಹನ್ನೆರಡು ವಾರ ಜ್ವರಕ್ಕೆ, ಜಾತ್ರೆಗೆ, ಮಾರ್ಚಿನ ಲೆಕ್ಕ ಮುಗಿಸುವುದಕ್ಕೆ ಇರಲಿ. ಅವು ಬಂದೇ ಬರುತ್ತವೆ.

ಗಾತ್ರವನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ‘ಮಲೆಗಳಲ್ಲಿ ಮದುಮಗಳು’ ಓದಿ ಮೈಮರೆತವರಿಗೆಲ್ಲ ಅಂಥ ದೊಡ್ಡ ಕಾದಂಬರಿಯೊಂದನ್ನು ಬರೆಯುವ ಆಸೆ ಹುಟ್ಟುತ್ತದೆ, ನನಗೂ ಇದೆ. ಮೊದಲ ಸಲಕ್ಕೆ ‘ಸಂಸ್ಕಾರ’ದ ಅಥವಾ ‘ಘಾಚರ್ ಘೋಚರ್’ನ ಗಾತ್ರ ಸಾಕು. ಮಾಸ್ತಿಯವರು ಸರ್ಕಾರಿ ಸೇವೆಯ ವರ್ಷಗಳಲ್ಲಿ ಹೆಚ್ಚಾಗಿ ಸಣ್ಣಕತೆಗಳನ್ನು ಬರೆದರು. ‘ಚಿಕವೀರ ರಾಜೇಂದ್ರ’ ಕಾದಂಬರಿ 1956ರಲ್ಲಿ ಬಂತು, ಸೇವೆ ಬಿಟ್ಟು ಹತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ. ಇರುವ ಬಿಡುವಿಗೆ ತಕ್ಕ ಪ್ರಕಾರವನ್ನು ಹಿಡಿಯುವುದರಲ್ಲಿ ಸಣ್ಣತನವೇನೂ ಇಲ್ಲ.

ಹಂತ 2: ಒಂದು ಬೇಡಿಕೆ, ಒಂದು ಅಡ್ಡಿ

ಕತೆಯ ಬೀಜ ನಿಮ್ಮ ಹತ್ತಿರ ಈಗಾಗಲೇ ಇರುತ್ತದೆ. ಒಂದು ಮುಖ, ಒಂದು ಮನೆ, ಎಂದೋ ಕೇಳಿದ ಒಂದು ಜಗಳ. ಅದನ್ನು ಒಂದೇ ವಾಕ್ಯಕ್ಕೆ ತನ್ನಿ: ಯಾರಿಗೆ ಏನು ಬೇಕು, ಅದಕ್ಕೆ ಅಡ್ಡ ನಿಂತಿರುವುದೇನು. ‘ಚೋಮನ ದುಡಿ’ಯನ್ನು ಹೀಗೆ ಹೇಳಬಹುದು: ಚೋಮನಿಗೆ ತನ್ನದೇ ಒಂದು ತುಂಡು ಭೂಮಿಯನ್ನು ಉಳುವ ಆಸೆ, ಅವನು ಹುಟ್ಟಿದ ಜಾತಿಗೆ ಸಮಾಜ ಅದನ್ನು ಕೊಡುವುದಿಲ್ಲ. ಕಾರಂತರ ಆ ಪುಸ್ತಕದಲ್ಲಿ ನಡೆಯುವುದೆಲ್ಲ ಈ ಒಂದು ವಾಕ್ಯದ ಒತ್ತಡದಿಂದಲೇ ನಡೆಯುತ್ತದೆ. ‘ಸಂಸ್ಕಾರ’ದ ಎಂಜಿನ್ ಇನ್ನೂ ಬಿಗಿಯಾದದ್ದು. ನಾರಣಪ್ಪ ಸತ್ತಿದ್ದಾನೆ, ಹೆಣ ಸುಡುವವರು ಯಾರು ಎಂಬುದು ತೀರ್ಮಾನವಾಗುವವರೆಗೆ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಹಸಿವು, ವಾಸನೆ, ಹದ್ದುಗಳು, ಎಲ್ಲವೂ ಗಡಿಯಾರದಂತೆ ಓಡುತ್ತವೆ. ತತ್ವದ ಚರ್ಚೆ ಎಷ್ಟು ಆಳಕ್ಕೆ ಹೋದರೂ ಓದುಗ ಪುಸ್ತಕ ಮಡಚುವುದಿಲ್ಲ, ಹೆಣ ಇನ್ನೂ ಅಲ್ಲೇ ಇದೆ.

ಈ ಲೇಖನದ ಉದ್ದಕ್ಕೂ ಒಂದು ಕಲ್ಪನೆಯ ಕಾದಂಬರಿಯನ್ನು ಜೊತೆಯಲ್ಲಿ ಕಟ್ಟುತ್ತಾ ಹೋಗೋಣ. ಗದಗಿನಲ್ಲಿ ಒಂದು ಹಳೆಯ ಮುದ್ರಣಾಲಯ. ಅಚ್ಚಿನ ಮೊಳೆ ಜೋಡಿಸುವ ಬಸಪ್ಪ, ಅರವತ್ತರ ಹತ್ತಿರದವನು, ತೀರಿಹೋದ ಹೆಂಡತಿ ಬರೆದಿಟ್ಟ ಬೀಸುಕಲ್ಲಿನ ಪದಗಳ ನೋಟ್‌ಬುಕ್ಕನ್ನು ತನ್ನ ಕೈಯಾರೆ ಮೊಳೆ ಜೋಡಿಸಿ ಅಚ್ಚು ಹಾಕಬೇಕೆಂದಿದ್ದಾನೆ. ಆದರೆ ಮಾಲೀಕನ ಮಗ ಮುದ್ರಣಾಲಯವನ್ನು ಮುಚ್ಚಿ ಮೊಳೆಗಳನ್ನು ಸೀಸದ ತೂಕಕ್ಕೆ ಮಾರಲು ಹೊರಟಿದ್ದಾನೆ. ಬೇಡಿಕೆ ಇದೆ, ಅಡ್ಡಿ ಇದೆ, ಗಡುವೂ ಇದೆ.

ನಿಮ್ಮ ವಾಕ್ಯವನ್ನು ಚಹಾ ಕುಡಿಯುತ್ತಾ ಒಬ್ಬರಿಗೆ ಹೇಳಿ ನೋಡಿ. ಅವರು ‘ಮುಂದೇನಾಯ್ತು?’ ಎಂದು ಕೇಳಿದರೆ ಕತೆಯಲ್ಲಿ ಜೀವ ಇದೆ. ‘ವಿಷಯ ಚೆನ್ನಾಗಿದೆ’ ಎಂದರೆ ನಿಮ್ಮ ಹತ್ತಿರ ಇರುವುದು ವಿಷಯ, ಇನ್ನೂ ಕತೆಯಾಗಿಲ್ಲ. ಇಲ್ಲಿ ಎರಡು ವಾರ ಕಳೆದರೂ ಪರವಾಗಿಲ್ಲ.

ಹಂತ 3: ಕೊನೆಯನ್ನು ಮೊದಲು ಬರೆಯಿರಿ

ಕೊನೆ ಗೊತ್ತಾದರೆ ಬರೆಯುವ ಖುಷಿ ಹೋಗುತ್ತದೆ ಎನ್ನುವವರಿದ್ದಾರೆ. ದಿನಕ್ಕೆ ಎಂಟು ಗಂಟೆ ಬರೆಯುವವರಿಗೆ ಅದು ನಿಜವಿರಬಹುದು, ದಾರಿ ತಪ್ಪಿದರೆ ಹಿಂದಿರುಗಿ ಬರಲು ಅವರಿಗೆ ಹೊತ್ತಿದೆ. ನಾವು ದಾರಿ ತಪ್ಪಿ ಮೂರು ತಿಂಗಳು ನಡೆದರೆ ಆ ಮೂರು ತಿಂಗಳು ಮತ್ತೆ ಸಿಗುವುದಿಲ್ಲ.

ಹಾಗಾಗಿ ಕೊನೆಯ ದೃಶ್ಯವನ್ನು ಒಂದು ಪುಟದಷ್ಟು ಈಗಲೇ ಬರೆದಿಡಿ. ಬಸಪ್ಪನ ಕತೆಗೆ ನಾನು ಇಟ್ಟ ಕೊನೆ ಇದು: ಪುಸ್ತಕ ಬರುತ್ತದೆ, ಆದರೆ ಮಗಳು ಶಾಂತಾಳ ಕಂಪ್ಯೂಟರಿನಲ್ಲಿ. ಬಸಪ್ಪ ಅದನ್ನು ಕೈಗೆತ್ತಿಕೊಂಡು ತಲೆಕೆಳಗಾಗಿ ಹಿಡಿದು ಓದತೊಡಗುತ್ತಾನೆ. ಮೊಳೆ ಜೋಡಿಸುವ ಕಂಪೋಸಿಟರ್‌ಗಳು ಕೈಯಲ್ಲಿ ಹಿಡಿದ ‘ಸ್ಟಿಕ್’ ಎಂಬ ಪಟ್ಟಿಯಲ್ಲಿ ಜೋಡಿಸಿದ ಸಾಲನ್ನು ಓದುವುದೇ ಹಾಗೆ. ಈ ಚಿತ್ರ ಸಿಕ್ಕಿದ ಮೇಲೆ ಕತೆಯ ಉಳಿದ ಭಾಗಕ್ಕೆ ಏನು ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಅವನು ಹಾಗೆ ಓದುತ್ತಾನೆಂಬುದನ್ನು ಓದುಗರಿಗೆ ಮೊದಲೇ ಎರಡು ಸಲ ತೋರಿಸಬೇಕು. ಕಂಪ್ಯೂಟರನ್ನು ಅವನು ದ್ವೇಷಿಸಲು ಬಲವಾದ ಕಾರಣ ಬೇಕು. ಹೆಂಡತಿ ಬದುಕಿದ್ದಾಗ ಆ ನೋಟ್‌ಬುಕ್ಕನ್ನು ಅವನು ಒಮ್ಮೆಯೂ ತೆರೆದು ನೋಡಿರಲಿಲ್ಲ ಎಂಬುದು ಎಲ್ಲಾದರೂ ಹೊರಗೆ ಬರಬೇಕು.

ಬರೆಯುತ್ತಾ ಈ ಕೊನೆ ಬದಲಾಗಬಹುದು. ಬದಲಾಗಲಿ. ಗದಗಿನಲ್ಲಿ ಹುಬ್ಬಳ್ಳಿಗೆಂದು ಹತ್ತಿದ ಬಸ್ಸಿನಿಂದ ನಡುದಾರಿಯ ಅಣ್ಣಿಗೇರಿಯಲ್ಲಿ ಇಳಿದರೂ ಒಂದು ದಿಕ್ಕಿಗೆ ಬಂದಿರುತ್ತೇವೆ.

ಹಂತ 4: ‘ಆಮೇಲೆ’ಯನ್ನು ಅಳಿಸಿ ‘ಅದಕ್ಕೇ’ ಹಾಕಿ

ಕಥಾವಸ್ತುವನ್ನು ಹೆಣೆಯುವುದು ಎನ್ನುತ್ತೇವಲ್ಲ, ಆ ಕೆಲಸ ಶುರುವಾಗುವುದು ಇಲ್ಲಿ. ಹೆಚ್ಚು ಹೊತ್ತು ಕೊಡಬೇಕಾದ ಹಂತವೂ ಇದೇ.

ಕತೆಯಲ್ಲಿ ನಡೆಯುವುದನ್ನೆಲ್ಲ ಒಂದರ ಕೆಳಗೊಂದು ಹತ್ತು ಹನ್ನೆರಡು ಸಾಲುಗಳಲ್ಲಿ ಬರೆಯಿರಿ. ಎರಡು ಸಾಲುಗಳ ನಡುವೆ ಯಾವ ಪದ ಕೂರುತ್ತದೆ ನೋಡಿ. ‘ಆಮೇಲೆ’ ಕೂತರೆ ಅಲ್ಲಿ ಬಿರುಕಿದೆ ಎಂದರ್ಥ. ‘ಅದಕ್ಕೇ’ ಅಥವಾ ‘ಆದರೆ’ ಕೂರುವವರೆಗೆ ತಿದ್ದಿ.

ನನ್ನ ಮೊದಲ ಪಟ್ಟಿ ಹೀಗಿತ್ತು: ಮುದ್ರಣಾಲಯ ಮುಚ್ಚುವ ಸುದ್ದಿ ಬಂತು. ಆಮೇಲೆ ಶಾಂತಾ ಹುಬ್ಬಳ್ಳಿಯಿಂದ ಊರಿಗೆ ಬಂದಳು. ಆಮೇಲೆ ಗುಜರಿಯವನು ತೂಕಕ್ಕೆ ಬಂದ. ಆಮೇಲೆ ಬಸಪ್ಪನಿಗೆ ಕಾಯಿಲೆಯಾಯಿತು. ಓದಿದರೆ ಯಾರದೋ ಮನೆಯ ಸುದ್ದಿ ಕೇಳಿದಂತಿದೆ, ಒಂದು ಘಟನೆ ಇನ್ನೊಂದನ್ನು ತಳ್ಳುವುದಿಲ್ಲ. ಯಾವುದೇ ಸಾಲನ್ನು ತೆಗೆದರೂ ಉಳಿದವು ಹಾಗೆಯೇ ನಿಲ್ಲುತ್ತವೆ.

ಒಂದು ಸಂಜೆ ಪೂರ್ತಿ ಇದೇ ಪ್ರಶ್ನೆ ಹಿಡಿದು ಕೂತೆ: ಮುದ್ರಣಾಲಯ ಮುಚ್ಚುತ್ತದೆ ಎಂದು ತಿಳಿದ ಬಸಪ್ಪ *ಏನು ಮಾಡುತ್ತಾನೆ*? ಅವನು ಬೇಸರಪಡುತ್ತಾನೆ ಎಂಬುದರಿಂದ ಕತೆ ಮುಂದೆ ಹೋಗುವುದಿಲ್ಲ. ಕೊನೆಗೆ ಹೊಳೆಯಿತು. ಅವನು ಮೊಳೆ ಕದಿಯುತ್ತಾನೆ. ದಿನಾ ಅಂಗಿಯ ಕಿಸೆಯಲ್ಲಿ ಒಂದು ಹಿಡಿ, ಮನೆಯಲ್ಲೇ ಜೋಡಿಸಲೆಂದು. ಮೂವತ್ತೆರಡು ವರ್ಷ ಒಂದು ಹಾಳೆ ಕಾಗದವನ್ನೂ ಮನೆಗೆ ಒಯ್ಯದ ಮನುಷ್ಯ. ಅದು ಸಿಕ್ಕಿದ ಕೂಡಲೇ ಸರಪಳಿ ತಾನೇ ಬೆಳೆಯಿತು:

ಮುದ್ರಣಾಲಯ ಮುಚ್ಚುತ್ತದೆ, ಅದಕ್ಕೇ ಬಸಪ್ಪ ಮೊಳೆ ಕದಿಯತೊಡಗುತ್ತಾನೆ. ಆದರೆ ಗುಜರಿಯವನು ತೂಗಿದಾಗ ಸೀಸ ಕಡಿಮೆ ಬೀಳುತ್ತದೆ. ಅದಕ್ಕೇ ಮಾಲೀಕನ ಮಗ ಟ್ರೆಡಲ್ ಯಂತ್ರ ತುಳಿಯುವ ಹುಡುಗನ ಮೇಲೆ ಕಳ್ಳತನ ಹೊರಿಸಿ ಬಾಕಿ ಸಂಬಳ ತಡೆಯುತ್ತಾನೆ. ಅದಕ್ಕೇ ಹುಡುಗ ಸಾಕ್ಷಿ ಹೇಳಿರೆಂದು ಬಸಪ್ಪನ ಹತ್ತಿರವೇ ಬರುತ್ತಾನೆ, ಆ ಊರಿನಲ್ಲಿ ಬಸಪ್ಪನ ಮಾತಿಗೆ ಅಷ್ಟು ಬೆಲೆ. ಆದರೆ ಬಸಪ್ಪ ಬಾಯಿ ಬಿಡಬೇಕೆಂದರೆ ಪುಸ್ತಕ ಅರ್ಧಕ್ಕೆ ನಿಲ್ಲಬೇಕು.

ಈಗ ಅವನ ಮುಂದೆ ಎರಡು ದಾರಿಗಳಿವೆ, ಎರಡರಲ್ಲೂ ಏನನ್ನೋ ಕಳೆದುಕೊಳ್ಳುತ್ತಾನೆ. ಹೆಂಡತಿಗೆ ತಡವಾಗಿ ಸಲ್ಲಿಸುತ್ತಿರುವ ಪ್ರೀತಿ ಒಂದು ಕಡೆ, ಮಗನ ವಯಸ್ಸಿನ ಹುಡುಗನ ಅನ್ನ ಇನ್ನೊಂದು ಕಡೆ. ನಿಮ್ಮ ಕಾದಂಬರಿಯ ನಡುಮಧ್ಯದಲ್ಲಿ ಇಂಥದೊಂದು ಇಕ್ಕಟ್ಟು ಸಿಗುವವರೆಗೆ ಮೊದಲ ಅಧ್ಯಾಯ ಬರೆಯಬೇಡಿ ಎಂದು ನಾನು ಕಟ್ಟುನಿಟ್ಟಾಗಿ ಹೇಳುತ್ತೇನೆ. ಅರ್ಧಕ್ಕೆ ನಿಂತ ಕಾದಂಬರಿಗಳಲ್ಲಿ ನಾನು ನೋಡಿದ ಬಹುಪಾಲು ನಿಂತದ್ದು ನಡುವಿನಲ್ಲೇ. ಆರಂಭದ ಹುರುಪು ಮುಗಿದಿರುತ್ತದೆ, ಕೊನೆ ಇನ್ನೂ ದೂರ ಇರುತ್ತದೆ, ಪಾತ್ರಗಳು ಚಹಾ ಕುಡಿಯುತ್ತಾ ಮಾತಾಡುತ್ತಾ ಕೂತಿರುತ್ತವೆ.

ಕಾಯಿಲೆ, ಅಪಘಾತ, ಆಕಸ್ಮಿಕ ಭೇಟಿಗಳನ್ನು ಕತೆ ಶುರುಮಾಡಲು ಬಳಸಿ, ಬಿಡಿಸಲು ಬಳಸಬೇಡಿ. ಮಾಲೀಕನ ಮಗನಿಗೆ ಹೃದಯಾಘಾತವಾಗಿ ಎಲ್ಲವೂ ಸರಿಹೋದರೆ ಓದುಗರಿಗೆ ಮೋಸ ಮಾಡಿದಂತೆ.

ಹಂತ 5: ಪಾತ್ರ ಹೇಗೆ ಮಾತಾಡುತ್ತದೆ?

ಪಾತ್ರದ ಎತ್ತರ, ಬಣ್ಣ, ಮೆಚ್ಚಿನ ತಿಂಡಿ ಎಂದು ನೂರು ಪ್ರಶ್ನೆಗಳ ನಮೂನೆ ತುಂಬುವ ಅಗತ್ಯವಿಲ್ಲ. ಪ್ರತಿ ಮುಖ್ಯ ಪಾತ್ರಕ್ಕೆ ಮೂರು ಸಾಲು: ಏನು ಬೇಕು, ಯಾವುದಕ್ಕೆ ಹೆದರುತ್ತದೆ, ಏನನ್ನು ಮುಚ್ಚಿಟ್ಟಿದೆ. ಶಾಂತಾಳಿಗೆ ಬೇಕಾದದ್ದು ಅಪ್ಪ ತನ್ನ ಡಿಟಿಪಿ ಕೆಲಸವನ್ನು ಕೆಲಸವೆಂದು ಒಪ್ಪುವುದು. ಹೆದರಿಕೆ, ಅವನಂತೆಯೇ ತಾನೂ ಒಂದು ದಿನ ಬೇಡವಾಗುವುದು. ಮುಚ್ಚಿಟ್ಟದ್ದು, ಅವ್ವನ ನೋಟ್‌ಬುಕ್ಕನ್ನು ತಾನು ಬಹಳ ಹಿಂದೆಯೇ ಓದಿದ್ದೇನೆ, ಅದರಲ್ಲಿ ಅಪ್ಪನ ಬಗ್ಗೆ ಏನಿದೆ ಎಂದು ತನಗೆ ಗೊತ್ತು ಎಂಬುದು.

ಇದಕ್ಕಿಂತ ಹೆಚ್ಚಿನ ಯೋಚನೆ ಬೇಕಾದದ್ದು ಭಾಷೆಗೆ. ಕನ್ನಡದಲ್ಲಿ ಬರೆಯುವವರಿಗೆ ಇದು ಯೋಜನೆಯ ಹಂತದಲ್ಲೇ ಆಗಬೇಕಾದ ತೀರ್ಮಾನ. ಅರ್ಧ ಬರೆದ ಮೇಲೆ ಬದಲಿಸುವುದೆಂದರೆ ಪ್ರತಿ ಕ್ರಿಯಾಪದವನ್ನೂ ಮುಟ್ಟಬೇಕು. ಮೊದಲ ಪ್ರಶ್ನೆ: ನಿರೂಪಣೆ ಬಸಪ್ಪನನ್ನು ಏನೆಂದು ಕರೆಯುತ್ತದೆ? ‘ಬಸಪ್ಪ ಬಂದ’ ಎಂದರೆ ನಾವು ಅವನ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದೇವೆ. ‘ಬಸಪ್ಪನವರು ಬಂದರು’ ಎಂದರೆ ಊರಿನ ಗೌರವದ ಕಣ್ಣಿನಿಂದ ನೋಡುತ್ತಿದ್ದೇವೆ. ಕಳ್ಳತನದ ಕತೆಯಲ್ಲಿ ಈ ಒಂದು ಬಹುವಚನ ಇಡೀ ಕಾದಂಬರಿಯ ಅರ್ಥ ಬದಲಿಸಬಲ್ಲದು. ನಾನು ಏಕವಚನ ಆರಿಸಿದೆ, ಊರಿನವರ ಬಾಯಲ್ಲಿ ಮಾತ್ರ ಬಹುವಚನ ಇಟ್ಟೆ. ಗುಟ್ಟು ಬಯಲಾದ ದಿನ ಮಾಲೀಕನ ಮಗ ಮೊದಲ ಸಲ ಅವನಿಗೆ ‘ನೀ’ ಅನ್ನುತ್ತಾನೆ. ಆ ದೃಶ್ಯಕ್ಕೆ ಬೇರೆ ಗದ್ದಲ ಬೇಕಾಗಲೇ ಇಲ್ಲ.

ಎರಡನೆಯದು ಸೀಮೆಯ ಮಾತು. ಗದಗಿನ ಹುಡುಗ ‘ಮೊಳಿ ಎಲ್ಲಿ ಹೋದುವ್ರೀ?’ ಎಂದು ಕೇಳಿಯಾನು, ಮೈಸೂರು ಕಡೆಯ ಉಚ್ಚಾರ ಅವನ ಬಾಯಿಗೆ ಬಂದರೆ ಮೊದಲ ಪುಟದಲ್ಲೇ ನಂಬಿಕೆ ಕಳಚುತ್ತದೆ. ಆಡುಮಾತು ಸಂಭಾಷಣೆಯಲ್ಲಿ ಮಾತ್ರವೋ, ನಿರೂಪಣೆಗೂ ಇಳಿಯುತ್ತದೆಯೋ? ದೇವನೂರ ಮಹಾದೇವರ ‘ಕುಸುಮಬಾಲೆ’ ನಿರೂಪಣೆಯನ್ನೂ ನಂಜನಗೂಡು ಸೀಮೆಯ ಮಾತಿನಲ್ಲೇ ಕಟ್ಟಿದ ಪುಸ್ತಕ. ಅದಕ್ಕೆ ಆ ಮಾತು ಎದೆಯೊಳಗೆ ಇರಬೇಕು. ನಿಮಗೆ ಹುಟ್ಟಿನಿಂದ ಬಂದ ಕನ್ನಡ ಯಾವುದೋ ಅದರಲ್ಲೇ ನಿಮ್ಮ ಮೊದಲ ಕಾದಂಬರಿ ನಡೆಯಲಿ. ಬಿಡುವಿಲ್ಲದವರಿಗೆ ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ. ಅಪ್ಪ, ಅವ್ವ, ಅಬ್ಬೆ, ಆಯಿ, ಯಾವ ಮನೆಯಲ್ಲಿ ಯಾವ ಪದ, ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೇಗೆ ಕರೆಯುತ್ತಾರೆ, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ಮೇಲೆ ಅಂಟಿಸಿ. ಆರು ವಾರ ಬಿಟ್ಟು ಬಂದಾಗ ಆ ಹಾಳೆ ಓದಿದರೆ ಕಿವಿ ತೆರೆದುಕೊಳ್ಳುತ್ತದೆ.

ಹಂತ 6: ಯಾರ ಕಣ್ಣು?

ಚಿಕ್ಕ ತೀರ್ಮಾನ, ಆದರೆ ಬೇಗ ಆಗಬೇಕು. ತೇಜಸ್ವಿಯವರ ‘ಕರ್ವಾಲೊ’ ಇಡಿಯಾಗಿ ಒಬ್ಬ ‘ನಾನು’ ಹೇಳುವ ಕತೆ. ಭೈರಪ್ಪನವರ ‘ಪರ್ವ’ ಒಂದೊಂದು ಪಾತ್ರದ ಮನಸ್ಸಿನೊಳಗೆ ಹೊಕ್ಕು ಹೊರಡುತ್ತದೆ. ವಸುಧೇಂದ್ರರ ‘ತೇಜೋ ತುಂಗಭದ್ರಾ’ ಎರಡು ನದಿಗಳ ದಂಡೆಯ ಎರಡು ಕತೆಗಳನ್ನು ನಡೆಸಿಕೊಂಡು ಬಂದು ಸೇರಿಸುತ್ತದೆ. ಕಡಿಮೆ ಬಿಡುವಿರುವವರು ಒಂದು ಕಣ್ಣು, ಹೆಚ್ಚೆಂದರೆ ಎರಡು ಕಣ್ಣು ಇಟ್ಟುಕೊಳ್ಳುವುದು ಒಳ್ಳೆಯದು. ಪ್ರತಿ ಹೊಸ ಮನಸ್ಸಿನೊಳಗೆ ಹೋಗಿ ಬರಲು ಹೊತ್ತು ಹಿಡಿಯುತ್ತದೆ. ನನ್ನ ಕತೆ ಬಸಪ್ಪನ ಕಣ್ಣಿನಲ್ಲಿ ನಡೆದು ನಾಲ್ಕೇ ನಾಲ್ಕು ಅಧ್ಯಾಯ ಶಾಂತಾಳ ಕಡೆಗೆ ಹೊರಳುತ್ತದೆ.

ಹಂತ 7: ಲಗ್ನಪತ್ರಿಕೆಯ ಬೆನ್ನಿನ ಮೇಲೆ

ಈಗ ಸರಪಳಿಯನ್ನು ದೃಶ್ಯಗಳಾಗಿ ಒಡೆಯಬೇಕು. ಇದಕ್ಕೆ ನಾನು ಬಳಸುವುದು ಮನೆಗೆ ಬಂದು ಬೀಳುವ ಲಗ್ನಪತ್ರಿಕೆಗಳನ್ನು. ಗಟ್ಟಿ ಕಾಗದ, ಹಿಂಬದಿ ಖಾಲಿ, ಬಿಸಾಡಲು ಮನಸ್ಸೂ ಬರುವುದಿಲ್ಲ. ಒಂದು ಚೀಟಿಗೆ ಒಂದೇ ದೃಶ್ಯ. ಎಲ್ಲಿ, ಯಾವಾಗ, ಯಾರು ಯಾರು, ಯಾರಿಗೆ ಏನು ಬೇಕಿತ್ತು, ದೃಶ್ಯ ಮುಗಿದಾಗ ಏನು ಬದಲಾಗಿತ್ತು.

ಕೊನೆಯ ಪ್ರಶ್ನೆಗೆ ಉತ್ತರ ಬರೆಯಲಾಗದಿದ್ದರೆ ಆ ಚೀಟಿಯನ್ನು ಪಕ್ಕಕ್ಕಿಡಿ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ಯಂತ್ರಗಳಿಗೆ ಹೂ ಏರಿಸುವ ದೃಶ್ಯ ನನಗೆ ಬಹಳ ಇಷ್ಟವಾಗಿತ್ತು, ಮುದ್ರಣಾಲಯದ ಕೊನೆಯ ಪೂಜೆ ಅದು. ಆದರೆ ಅಲ್ಲಿ ಏನೂ ಬದಲಾಗುತ್ತಿರಲಿಲ್ಲ. ವಾರಗಟ್ಟಲೆ ಅದು ಪಕ್ಕದಲ್ಲೇ ಇತ್ತು. ಆಮೇಲೆ, ಬಸಪ್ಪ ಮೊದಲ ಸಲ ಮೊಳೆ ಎತ್ತುವುದು ಅಂದೇ, ಎಲ್ಲರೂ ಆರತಿಗೆ ಕಣ್ಣು ಮುಚ್ಚಿರುವಾಗ ಎಂದು ಇಟ್ಟೆ. ಒಂದೇ ಚೀಟಿಗೆ ಎರಡು ಕೆಲಸ ಬಂತು.

200 ಪುಟಕ್ಕೆ ನಲವತ್ತು ದೃಶ್ಯ ಎಂದರೆ ಒಂದೊಂದಕ್ಕೆ ಸಾವಿರ ಪದ, ನಾಲ್ಕು ದಿನದ ಕೆಲಸ. ವಾರಕ್ಕೊಂದು ದೃಶ್ಯ ಎಂಬ ಲೆಕ್ಕ ಇಲ್ಲಿ ಸಹಜವಾಗಿ ಬರುತ್ತದೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳು ನಡೆದದ್ದೂ ಇದೇ ಲಯದಲ್ಲಿ. ವಾರಕ್ಕೊಂದು ಕಂತು, ಮುಂದಿನ ವಾರದವರೆಗೆ ಓದುಗರನ್ನು ಕಾಯಿಸುವ ಒಂದು ನಿಲುಗಡೆ. ನಿಮ್ಮ ಪತ್ರಿಕೆಗೆ ನೀವೇ ಸಂಪಾದಕರೆಂದುಕೊಂಡು ಶನಿವಾರವನ್ನು ಗಡುವಾಗಿ ಇಟ್ಟುಕೊಳ್ಳಿ.

ಒಂದು ಭಾನುವಾರ ಮಧ್ಯಾಹ್ನ ನಲವತ್ತೂ ಚೀಟಿಗಳನ್ನು ನೆಲದ ಮೇಲೆ ಹರಡಿ. ಮೇಲೆ ನಿಂತು ನೋಡಿದಾಗ ಕಾಣುವುದು ಮೇಜಿನ ಮುಂದೆ ಕಾಣುವುದಿಲ್ಲ. ಶಾಂತಾ ಹನ್ನೊಂದು ಚೀಟಿಗಳವರೆಗೆ ನಾಪತ್ತೆ ಎಂದು ನನಗೆ ತಿಳಿದದ್ದು ಹಾಗೆ. ಆ ಮಧ್ಯಾಹ್ನ ಮನೆಯವರಿಗೆ ಮೊದಲೇ ಹೇಳಿಡಿ, ಫ್ಯಾನ್ ಆರಿಸಿ.

ಹಂತ 8: ಪಂಚಾಂಗವೊಂದು ಜೊತೆಗಿರಲಿ

ಚೀಟಿಗಳ ಮೂಲೆಯಲ್ಲಿ ತಿಂಗಳು, ಹಬ್ಬ, ಮಳೆ ಬರೆಯಿರಿ. ನನ್ನ ಕತೆ 1996ರ ದಸರೆಯಿಂದ 1997ರ ಯುಗಾದಿಯವರೆಗೆ. ಬನ್ನಿ ಹಂಚುವ ದಿನ ಊರವರೆಲ್ಲ ಬಸಪ್ಪನ ಕೈಗೆ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುವಾಗ ಅವನ ಕಿಸೆಯಲ್ಲಿ ಸೀಸ ಇರುತ್ತದೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲದಲ್ಲಿ ಚರಗ ಚೆಲ್ಲುವಾಗ ಹುಡುಗನ ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲ. ಹಬ್ಬಗಳನ್ನು ಅಲಂಕಾರಕ್ಕೆ ತುರುಕಬೇಕಾಗಲಿಲ್ಲ, ದಿನಾಂಕ ಹಾಕಿದ ಕೂಡಲೇ ಅವು ತಾವಾಗಿ ಬಂದು ಕತೆಗೆ ದುಡಿದವು.

ಕಾಲಪಟ್ಟಿ ತಪ್ಪುಗಳನ್ನೂ ಹಿಡಿಯುತ್ತದೆ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನನ್ನ ಕತೆ ಶುರುವಾಗುವಾಗ ಅದು ಇನ್ನೂ ಧಾರವಾಡ ಜಿಲ್ಲೆ, ಹಾಗಾಗಿ ಬಸಪ್ಪ ಜೋಡಿಸುವ ಲಗ್ನಪತ್ರಿಕೆಯ ಪ್ರೂಫಿನಲ್ಲಿ ವಿಳಾಸ ಆ ಪ್ರಕಾರವೇ ಇರಬೇಕು. ಶಾಂತಾ ಫೋನ್ ಮಾಡುವುದು ಎಸ್‌ಟಿಡಿ ಬೂತಿನಿಂದ. ಕತೆ 1970ರದ್ದಾದರೆ ಕಚೇರಿಯ ಫಲಕದ ಮೇಲೆ ಮೈಸೂರು ಸರ್ಕಾರ ಎಂದಿರುತ್ತದೆ, ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ಕ್ಕೆ. ಡಿಸೆಂಬರಿನಲ್ಲಿ ಮಾವಿನಹಣ್ಣು ತಿನ್ನಿಸಿದರೆ ಹಳ್ಳಿಯ ಓದುಗರು ಪುಸ್ತಕವನ್ನೇ ಕೆಳಗಿಡುತ್ತಾರೆ.

ಹಂತ 9: ಸಂಶೋಧನೆಗೆ ಬೇಲಿ

‘ಪರ್ವ’ಕ್ಕಾಗಿ ಭೈರಪ್ಪನವರು ಹಿಮಾಲಯದ ಸೀಮೆಗೆ ಹೋಗಿ ಬಹುಪತಿತ್ವದ ಪದ್ಧತಿ ಉಳಿದಿದ್ದ ಜನರ ನಡುವೆ ಇದ್ದು ಬಂದರು. ಅಂಥ ಕೃತಿಗೆ ಅಂಥ ಸಿದ್ಧತೆ ಬೇಕು. ನಮಗೆ ಅಪಾಯ ಬೇರೆ: ಓದುವುದು ಹಿತವಾಗಿರುತ್ತದೆ, ಬರೆದಷ್ಟೇ ಸಮಾಧಾನ ಕೊಡುತ್ತದೆ, ವರ್ಷ ಕಳೆದುಹೋಗುತ್ತದೆ. ಆರು ವಾರದ ಗಡಿ ಹಾಕಿ. ಮೊದಲು ಮನುಷ್ಯರನ್ನು ಕೇಳಿ. ಮೊಳೆ ಜೋಡಿಸಿದ ಹಿರಿಯರು ಈಗಲೂ ಸಿಗುತ್ತಾರೆ. ಒತ್ತಕ್ಷರದ ಮೊಳೆಯ ಖಾನೆ ಎಲ್ಲಿರುತ್ತಿತ್ತು, ಸಂಜೆ ಕೈ ತೊಳೆದರೂ ಬೆರಳಿನ ಮಸಿ ಯಾವ ಗೆರೆಯಲ್ಲಿ ಉಳಿಯುತ್ತಿತ್ತು ಎಂಬುದನ್ನು ಯಾವ ಗ್ರಂಥವೂ ಅವರಷ್ಟು ಚೆನ್ನಾಗಿ ಹೇಳದು. ಗಡಿ ಮುಗಿದ ಮೇಲೆ ತಿಳಿಯದ್ದು ಎದುರಾದರೆ ವಾಕ್ಯದ ನಡುವೆ ‘ನೋಡು’ ಎಂದು ಬರೆದು, ಸುತ್ತು ಹಾಕಿ, ಮುಂದೆ ಹೋಗಿ.

ಹಂತ 10: ದಿನದ ಕೆಲಸ

ಕುಳಿತ ಮೊದಲ ಐದು ನಿಮಿಷ ಇಂದಿನ ಚೀಟಿ ಮತ್ತು ನಿನ್ನೆಯ ಕೊನೆಯ ಪ್ಯಾರಾ, ಅಷ್ಟೇ ಓದಿ. ಮೊದಲಿಂದ ಓದುತ್ತಾ ತಿದ್ದುತ್ತಾ ಬಂದರೆ ಮೂರನೆಯ ಅಧ್ಯಾಯ ಬಂಗಾರವಾಗುತ್ತದೆ, ನಾಲ್ಕನೆಯದು ಹುಟ್ಟುವುದೇ ಇಲ್ಲ. ಮೂವತ್ತು ನಿಮಿಷ ಬರೆಯಿರಿ. ಕೊನೆಯ ಐದು ನಿಮಿಷ ಎಷ್ಟೇ ಅವಸರವಿದ್ದರೂ ಇದಕ್ಕೆ ಮೀಸಲು: ನಾಳೆಯ ಮೊದಲ ವಾಕ್ಯ, ಮತ್ತು ಮುಂದೆ ನೆನಪಿಡಬೇಕಾದದ್ದು. ‘ತಮ್ಮ ಮನೆ ಬಿಟ್ಟ ಕಾರಣ ಇದು’ ಎಂಬ ಒಂದು ಸಾಲು ನನ್ನ ಆ ಮೊದಲ ಕಾದಂಬರಿಯ ಪಕ್ಕದಲ್ಲಿ ಬರೆದಿಟ್ಟಿದ್ದರೆ ಅದು ಇಂದು ಪುಸ್ತಕವಾಗಿರುತ್ತಿತ್ತು.

ಫೋನಿನಲ್ಲೂ ಕಂಪ್ಯೂಟರಿನಲ್ಲೂ ಬರೆಯುವವರು ಮೊದಲ ದಿನದಿಂದಲೇ ಯೂನಿಕೋಡ್ ಬಳಸಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಫೋನಿನಲ್ಲಿ ತೆರೆದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ, ಪರಿವರ್ತಿಸಿದರೂ ಒತ್ತಕ್ಷರಗಳನ್ನು ಒಂದೊಂದಾಗಿ ತಿದ್ದಬೇಕಾಗಬಹುದು. ನಡೆಯುವಾಗ ಫೋನಿಗೆ ಹೇಳಿ ಬರೆಸುವುದೂ ಈಗ ಕನ್ನಡದಲ್ಲಿ ಸಾಧ್ಯ. ಸಂಭಾಷಣೆಗೆ ಅದು ಒಳ್ಳೆಯದು, ಬಾಯಿಗೆ ಬಾರದ ಮಾತು ಅಲ್ಲೇ ಸಿಕ್ಕಿಬೀಳುತ್ತದೆ. ಆಡುಮಾತನ್ನು ಯಂತ್ರ ತನಗೆ ತಿಳಿದ ಗ್ರಾಂಥಿಕ ರೂಪಕ್ಕೆ ತಿರುಗಿಸಿಬಿಡಬಹುದು, ಅದನ್ನು ಅಂದೇ ಸರಿಪಡಿಸಿ. ವಾರಕ್ಕೊಮ್ಮೆ ಕಡತವನ್ನು ನಿಮಗೇ ಮೇಲ್ ಮಾಡಿಕೊಳ್ಳಿ.

ಹಂತ 11: ಚೀಟಿ ಹರಿಯುವ ದಿನ

ಹತ್ತು ದೃಶ್ಯಕ್ಕೊಮ್ಮೆ ಬರೆಯುವುದನ್ನು ನಿಲ್ಲಿಸಿ ಉಳಿದ ಚೀಟಿಗಳನ್ನು ಓದಿ. ಕೆಲವು ಸುಳ್ಳಾಗಿರುತ್ತವೆ. ಹತ್ತೊಂಬತ್ತನೆಯ ದೃಶ್ಯದಲ್ಲಿ ಟ್ರೆಡಲ್ ಹುಡುಗ ಬಸಪ್ಪನ ಮನೆಗೆ ಬಂದು ಅಂಗಲಾಚಬೇಕೆಂದು ನಾನು ಬರೆದಿದ್ದೆ. ಬರೆಯಲು ಕೂತಾಗ ಹುಡುಗ ಅಂಗಲಾಚಲಿಲ್ಲ. ಕಟ್ಟೆಯ ಮೇಲೆ ಕೂತ, ನೀರು ಕೇಳಿ ಕುಡಿದ, ಎದ್ದು ಹೋಗುವಾಗ ಬಾಗಿಲ ಬಳಿ ಬಿದ್ದಿದ್ದ ಒಂದು ಮೊಳೆಯನ್ನು ಎತ್ತಿ ಬಸಪ್ಪನ ಕೈಗಿಟ್ಟ. ಅವನಿಗೆ ಎಲ್ಲ ಗೊತ್ತಾಗಿತ್ತು, ಆದರೂ ಮಾತಾಡಲಿಲ್ಲ.

ಅಂಥ ದಿನ ಯೋಜನೆಯ ಮಾತು ಕೇಳಬೇಡಿ, ಹುಡುಗನ ಮಾತು ಕೇಳಿ. ಆಮೇಲೆ ಬರುವ ಭಾನುವಾರ ಮತ್ತೆ ನೆಲದ ಮೇಲೆ ಕೂತು, ಇಪ್ಪತ್ತರಿಂದ ನಲವತ್ತರವರೆಗಿನ ಚೀಟಿಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಹುಡುಗನಿಗೆ ಗೊತ್ತಿದೆ ಎಂದಾದರೆ ಇದು ನಡೆಯುತ್ತದೆಯೇ ಎಂದು ಕೇಳಿ. ನನ್ನಲ್ಲಿ ಆರು ಚೀಟಿ ಹರಿದವು, ಮೂರು ಹೊಸದಾಗಿ ಬಂದವು. ಹೊಸದಕ್ಕೆ ಬೇಕಾದ ಕಾಗದ ಮನೆಯಲ್ಲೇ ಇತ್ತು, ಆ ವಾರವೇ ಎರಡು ಲಗ್ನಪತ್ರಿಕೆ ಬಂದಿದ್ದವು.